ಲ್ಯಾಂಡಿಂಗ್ ಪೇಜ್ ಟೆಸ್ಟಿಂಗ್ ಟೂಲ್: ಎರಡು ಪಂಚಮಿ ಕಳೆದ ಮೇಲೆ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಬ್ಯಾಡಗಿ ಮೆಣಸಿನಕಾಯಿ, ಖಾರದ ಪುಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಡಕ್ ರೊಟ್ಟಿ ಮಾರುತ್ತೇವೆ. ಪಂಚಮಿ ಬಂತೆಂದರೆ ಉಂಡಿ. ಗಿರಾಕಿಗಳಲ್ಲಿ ಜಾಸ್ತಿ ಜನ ಈ ಕಡೆಯವರೇ, ಆದರೆ ಈಗ ಬೆಂಗಳೂರು, ಪುಣೆಯಲ್ಲಿ ಇದ್ದಾರೆ. ತಿಂಗಳಿಗೊಮ್ಮೆ ಅವರಿಗೆ ಇಮೇಲ್ ಹೋಗುತ್ತದೆ. ಲಿಸ್ಟಿನಲ್ಲಿ ಸುಮಾರು 6,000 ವಿಳಾಸ. ಲಿಂಕ್ ಒತ್ತಿ ನಮ್ಮ ಮಾರಾಟದ ಪುಟಕ್ಕೆ (ಲ್ಯಾಂಡಿಂಗ್ ಪೇಜ್ ಅಂದರೆ ಇದೇ) ಬರುವವರು 600 ಆಸುಪಾಸು.

ಮೊದಲು ಪುಟಗಳ ಟೆಸ್ಟಿಂಗ್, ಅಂದರೆ ಎರಡು ಥರದ ಪುಟವನ್ನು ಜನರಿಗೆ ಹಂಚಿ ತೋರಿಸಿ ಯಾವುದಕ್ಕೆ ಆರ್ಡರ್ ಜಾಸ್ತಿ ಅಂತ ನೋಡುವುದು, ಗೂಗಲ್ ಆಪ್ಟಿಮೈಸ್‌ನಲ್ಲಿ ಪುಕ್ಕಟೆಯಾಗಿ ನಡೆಯುತ್ತಿತ್ತು. ಅದು 2023ರ ಸೆಪ್ಟೆಂಬರ್ 30ಕ್ಕೆ ಬಂದ್ ಆಯಿತು. ಅಕ್ಟೋಬರ್‌ನಲ್ಲಿ ದುಡ್ಡು ಕೊಟ್ಟು ಬೇರೆ ಟೂಲ್ ತೆಗೆದುಕೊಂಡೆ. ಅದರ ಹೆಸರು ಬೇಡ. ನಾನು ಹೇಳುವ ತಕರಾರುಗಳಲ್ಲಿ ಅರ್ಧ ಈ ಜಾತಿಯ ಎಲ್ಲ ಟೂಲ್‌ಗಳಲ್ಲೂ ಇವೆ.

ಪುಟ ಕಟ್ಟುವುದು ಸಲೀಸು, ಅದರಲ್ಲಿ ಎರಡು ಮಾತಿಲ್ಲ. ಕೋಡ್ ಬರದ ನನ್ನ ತಮ್ಮನೂ ಅರ್ಧ ಗಂಟೆಯಲ್ಲಿ ಒಂದು ಪುಟ ನಿಲ್ಲಿಸುತ್ತಾನೆ. ಕನ್ನಡಕ್ಕೆ ಮಾತ್ರ ಸ್ವಲ್ಪ ಕಿರಿಕಿರಿ. ಟೆಂಪ್ಲೇಟಿನಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿ ಇಟ್ಟಿದ್ದಾರೆ, ಹಾಗಾಗಿ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತವೆ. ನಮ್ಮ ಬಟನ್ ಮೇಲಿನ 'ಕೊಳ್ಳಿ' ಎರಡು ದಿನ 'ಕೊಳಿ' ಆಗಿತ್ತು. ಶುದ್ಧ ಶಾಕಾಹಾರಿ ಅಂಗಡಿಯಲ್ಲಿ ಇದೇನು ಮಾರುತ್ತಿದ್ದೀರಿ ಅಂತ ಗಿರಾಕಿಯೊಬ್ಬರು ಕೇಳಿದರು. ಸರಿ ಮಾಡಿದ ಮೇಲೆ ಅವ್ವ ಬೈದಳು, ಹಬ್ಬದ ದಿನ ಯಾರಾದರೂ ಕೊಳ್ಳಿ ಅಂತ ಬರೀತಾರಾ ಅಂತ. ಈಗ 'ನನಗೂ ಬೇಕು' ಅಂತಿದೆ.

ಇನ್ನು ಟೆಸ್ಟಿಂಗ್. 2024ರ ಜನವರಿಯಲ್ಲಿ ಸುಮ್ನೆ ಒಂದು ಕುತೂಹಲಕ್ಕೆ ಒಂದೇ ಪುಟದ ಎರಡು ಪ್ರತಿ ಮಾಡಿ ಎ, ಬಿ ಅಂತ ಹೆಸರಿಟ್ಟು ಬಿಟ್ಟೆ. ಫೋಟೋ, ಬೆಲೆ, ಬಟನ್, ಎಲ್ಲ ಒಂದೇ. ಒಂದು ಚುಕ್ಕಿಯ ಫರಕಿಲ್ಲ. ಮೂರನೇ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ತೆಗೆದು ನೋಡಿದರೆ ಬಿ ತಲೆಯ ಮೇಲೆ ಹಸಿರು ಕಿರೀಟ! ಬಿಗೆ 13 ಆರ್ಡರ್, ಎಗೆ 5. ಗೆಲ್ಲುವ ಸಾಧ್ಯತೆ 97% ಅಂತ ಬೇರೆ ಬರೆದಿತ್ತು. ಎ ಪುಟವನ್ನು ನಿಲ್ಲಿಸಿಬಿಡಲೇ ಅಂತ ಟೂಲೇ ಕೇಳುತ್ತಿತ್ತು. ಬೇಡ ಅಂದೆ. ಎಂಟನೇ ದಿನ 19ಕ್ಕೆ 17 ಆಗಿ ಕಿರೀಟ ಮಾಯವಾಯಿತು.

ಇದು ಟೂಲ್ ಸುಳ್ಳು ಹೇಳಿದ್ದಲ್ಲ. ಕಡಿಮೆ ಆರ್ಡರ್ ಇರುವಾಗ ದಿನಾ ಇಣುಕಿ ನೋಡಿದರೆ ಯಾವುದೋ ಒಂದು ದಿನ ಯಾರೋ ಒಬ್ಬರು ಮುಂದಿರುತ್ತಾರೆ. ಅವತ್ತೇ ಆಟ ನಿಲ್ಲಿಸಿದರೆ ಅವರೇ ಗೆದ್ದಂತೆ. ಆದರೆ ಆ ಕಿರೀಟವನ್ನು ಅಷ್ಟು ಬೇಗ ತೊಡಿಸುವುದು ತಪ್ಪೇ. ಅದಕ್ಕೂ ಮುಂಚೆ ಮೂರು ತಿಂಗಳು ಬಟನ್ ಬಣ್ಣ, ಫೋಟೋ ಎಡಕ್ಕೋ ಬಲಕ್ಕೋ ಅಂತ ನಾನು ಮಾಡಿದ ಟೆಸ್ಟ್‌ಗಳೆಲ್ಲ ನೀರಲ್ಲಿ ಹೋಮ.

ಆಮೇಲೆ ಲೆಕ್ಕ ಹಾಕಲು ಕೂತೆ. ನಮ್ಮ ಪುಟದಲ್ಲಿ ನೂರಕ್ಕೆ 6 ಜನ ಕೊಳ್ಳುತ್ತಾರೆ. ಅದು 7 ಆಯಿತೋ ಇಲ್ಲವೋ ಅಂತ ಹೇಳಬೇಕಾದರೆ, ಎಲ್ಲರೂ ಹಿಡಿಯುವ ಲೆಕ್ಕದಲ್ಲಿ (ಇಲ್ಲದ ಫರಕು ಇದೆ ಅಂತ ಮೋಸಹೋಗದಿರಲು 95%, ಇರುವ ಫರಕು ಕಣ್ಣಿಗೆ ಬೀಳಲು 80%), ಒಂದೊಂದು ಪುಟಕ್ಕೂ ಸುಮಾರು 9,500 ಜನ ಬರಬೇಕು. ನಮಗೆ ಸಿಗುವುದು 300. ಅದೇ 6 ಇದ್ದದ್ದು 12 ಆಗುವಂಥ ಬದಲಾವಣೆ ಆದರೆ 350 ಜನ ಸಾಕು. ಅಂದರೆ ನಮ್ಮಂಥವರು ದೊಡ್ಡ ಬದಲಾವಣೆಯನ್ನಷ್ಟೇ ಟೆಸ್ಟ್ ಮಾಡಬೇಕು.

ಅಂಥದ್ದೊಂದು ಆ ವರ್ಷದ ಪಂಚಮಿಗೆ ಸಿಕ್ಕಿತು. ಮೇಲ್‌ನ ತಲೆಬರಹ 'ಪಂಚಮಿ ಉಂಡಿ ಕಟ್ಟೋಕೆ ಶುರು ಮಾಡಿದೀವಿ'. ಒತ್ತಿದರೆ ತೆರೆಯುತ್ತಿದ್ದ ಪುಟದಲ್ಲಿ 'ಫೆಸ್ಟಿವ್ ಕಾಂಬೋ ಆಫರ್', ಮೇಲೆ ಡಬ್ಬಿಗಳ ಫೋಟೋ. ಉಂಡಿ ಹುಡುಕಲು ಎರಡು ಸಲ ಕೆಳಗೆ ಸರಿಸಬೇಕು. ಇನ್ನೊಂದು ಪುಟಕ್ಕೆ ಮೇಲ್‌ನ ಸಾಲನ್ನೇ ತಲೆಬರಹ ಮಾಡಿದೆ. ಕೆಳಗೆ ಅವ್ವನ ಕೈ, ಕೈಯಲ್ಲಿ ಅರ್ಧ ಕಟ್ಟಿದ ಶೇಂಗಾ ಉಂಡಿ, ಅದರ ಪಕ್ಕದಲ್ಲೇ ಬೆಲೆ. ಹಳೆಯದಕ್ಕೆ 12 ಆರ್ಡರ್, ಹೊಸದಕ್ಕೆ 31. ಹತ್ತು ದಿನ ಪೂರ್ತಿ ಮುಗಿಯುವವರೆಗೂ ಅಂತರ ಅಲುಗಲಿಲ್ಲ.

ಈ ಟೆಸ್ಟನ್ನು ನಾನು ಟೂಲಿನ ಹಂಚಿಕೆಯಲ್ಲಿ ಮಾಡಲಿಲ್ಲ. ಟೂಲ್ ಜನರನ್ನು ಹಂಚುವುದು ಬ್ರೌಸರ್‌ನಲ್ಲಿ ಇಡುವ ಕುಕೀ ಎಂಬ ಸಣ್ಣ ಗುರುತಿನಿಂದ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಎ ನೋಡಿದವರಿಗೆ ರಾತ್ರಿ ಮೊಬೈಲಿನಲ್ಲಿ ಬಿ ಕಾಣಬಹುದು. ಆಪಲ್ ಕಂಪನಿಯ ಸಫಾರಿ ಬ್ರೌಸರಿನಲ್ಲಂತೂ ಇಂಥ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಟೂಲಿನ ಕೋಡ್) ಇಟ್ಟ ಕುಕೀಗೆ ಹೆಚ್ಚೆಂದರೆ 7 ದಿನ ಆಯಸ್ಸು. ಬೆಲೆ ಟೆಸ್ಟ್ ಮಾಡುವಾಗ ಇದರಿಂದ ನನಗೆ ಮರ್ಯಾದೆ ಹೋಗಿತ್ತು. ಧಾರವಾಡದ ಒಬ್ಬ ಮೇಷ್ಟ್ರು ಫೋನ್ ಮಾಡಿ, ನಿನ್ನೆ ಒಂದು ರೇಟು, ಇವತ್ತು ಒಂದು ರೇಟು, ಏನಿದು ಅಂದರು.

ಯೋಚನೆ ಮಾಡಿದರೆ, ಇಮೇಲ್‌ನಲ್ಲಿ ಯಾರಿಗೆ ಏನು ಹೋಗುತ್ತದೆ ಅಂತ ನಮಗೆ ಮೊದಲೇ ಗೊತ್ತಿರುತ್ತದೆ ಅಲ್ವಾ? ಲಿಸ್ಟನ್ನೇ ಚೆನ್ನಾಗಿ ಕಲಸಿ ಎರಡು ಪಾಲು ಮಾಡಿ, ಒಂದೊಂದು ಪಾಲಿಗೂ ಬೇರೆ ಲಿಂಕ್, ಬೇರೆ ಯುಟಿಎಂ ಟ್ಯಾಗ್ (ಯಾವ ಪಾಲಿನವರು ಬಂದರು ಅಂತ ತಿಳಿಯಲು ಲಿಂಕಿನ ಕೊನೆಗೆ ಸೇರಿಸುವ ಗುರುತು) ಕೊಟ್ಟರೆ ಮುಗಿಯಿತು. ಯಾವ ಮೊಬೈಲಿನಲ್ಲಿ ತೆರೆದರೂ ಅವರಿಗೆ ಅವರ ಪುಟವೇ. ಕುಕೀ ಬೇಡ, ಸ್ಕ್ರಿಪ್ಟ್ ಬೇಡ. ಇಷ್ಟು ಹೊಳೆಯಲು ನನಗೆ ಒಂಬತ್ತು ತಿಂಗಳು ಬೇಕಾಯಿತು.

ಸ್ಕ್ರಿಪ್ಟ್ ಹೋದದ್ದರಿಂದ ಇನ್ನೊಂದು ಲಾಭ. ಯಾವ ಪುಟ ತೋರಿಸಬೇಕು ಅಂತ ಅದು ತೀರ್ಮಾನ ಮಾಡುವವರೆಗೆ ಪರದೆ ಬಿಳಿಯಾಗಿ ನಿಲ್ಲುತ್ತಿತ್ತು. ಅಂಗಡಿಯ ವೈಫೈನಲ್ಲಿ ಗೊತ್ತಾಗುವುದಿಲ್ಲ. ನಾನು ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಪುಟ ತೆರೆದು ನೋಡುತ್ತೇನೆ. ಉಣಕಲ್ ದಾಟುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸಿದ್ದೆ, ಪರದೆ ಇನ್ನೂ ಬಿಳಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ಸ್ಕ್ರಿಪ್ಟ್ ತೆಗೆದು, ಫೋಟೋ ಸಣ್ಣ ಮಾಡಿದ ಮೇಲೆ ಬಸ್ಸಿನಲ್ಲೂ ಎರಡು ಎಣಿಸುವುದರೊಳಗೆ ಬರುತ್ತದೆ.

ಬಿಲ್ಲಿಂಗ್ ಬಗ್ಗೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಪ್ಲಾನ್ ಇರುವುದು ವಿಸಿಟರ್ ಲೆಕ್ಕದಲ್ಲಿ. ಕಂಪನಿ ವಿಳಾಸಗಳಿಗೆ ಮೇಲ್ ಹೋದಾಗ ಅಲ್ಲಿನ ಸೆಕ್ಯುರಿಟಿ ಸಾಫ್ಟ್‌ವೇರ್ ಲಿಂಕ್‌ಗಳನ್ನು ತಾನೇ ತೆರೆದು ಪರೀಕ್ಷೆ ಮಾಡುತ್ತದೆ. ಕಳಿಸಿದ ಹತ್ತೇ ಸೆಕೆಂಡಿನಲ್ಲಿ ಡಜನ್‌ಗಟ್ಟಲೆ ಜನ ಬಂದು, ಒಬ್ಬರೂ ಸ್ಕ್ರಾಲ್ ಮಾಡದೆ ಹೋದರೆ ಅವರು ಮನುಷ್ಯರಲ್ಲ ಅಂತ ತಿಳಿಯಬೇಕು. ಟೂಲ್ ಅವರನ್ನೂ ಎಣಿಸಿ ದುಡ್ಡು ಕೇಳಿತು. ಸಪೋರ್ಟ್‌ಗೆ ಸ್ಕ್ರೀನ್‌ಶಾಟ್ ಸಮೇತ ನಾಲ್ಕು ಮೇಲ್ ಬರೆದೆ. ನಾಲ್ಕಕ್ಕೂ ಒಂದೇ ಉತ್ತರ, ದೊಡ್ಡ ಪ್ಲಾನ್‌ಗೆ ಬನ್ನಿ ಅಂತ. ಮೇಲ್ ಓಪನ್ ರೇಟ್ (ನೂರಕ್ಕೆ ಎಷ್ಟು ಜನ ಮೇಲ್ ತೆರೆದರು ಅನ್ನುವ ಲೆಕ್ಕ) ಅಂತೂ 2021ರಲ್ಲಿ ಆಪಲ್ ಮೇಲ್ ಪ್ರೈವೆಸಿ ಬಂದು, ಯಾರೂ ಓದದ ಮೇಲ್ ಕೂಡ ತೆರೆದಂತೆ ಎಣಿಕೆಯಾಗಲು ಶುರುವಾದಾಗಿನಿಂದ ನಾನು ನೋಡುವುದೇ ಬಿಟ್ಟಿದ್ದೇನೆ. ಆರ್ಡರ್ ಒಂದೇ ಲೆಕ್ಕ.

ದಿನಕ್ಕೆ ಸಾವಿರಾರು ಜನ ಬರುವ ಅಂಗಡಿ ನಿಮ್ಮದಾದರೆ, ಜಾಹೀರಾತಿನಿಂದ ಗುರುತಿಲ್ಲದವರು ಬರುತ್ತಿದ್ದರೆ, ಈ ಟೂಲ್ ತೆಗೆದುಕೊಳ್ಳಬಹುದು. ಬರೀ ಇಮೇಲ್‌ಗಾದರೆ ಟೆಸ್ಟಿಂಗ್ ಇರುವ ದುಬಾರಿ ಪ್ಲಾನ್ ಬೇಡ. 2025ರ ಪಂಚಮಿ ಮುಗಿದ ಮೇಲೆ ನಾನು ಪುಟ ಕಟ್ಟುವ ಸಣ್ಣ ಪ್ಲಾನ್‌ಗೆ ಇಳಿದೆ. ಐದಕ್ಕೆ ಮೂರು ಸ್ಟಾರ್. ಒತ್ತಕ್ಷರ ಸರಿ ಮಾಡಿದರೆ ಇನ್ನರ್ಧ ಕೊಡುತ್ತೇನೆ.