ಮೃದಂಗದ ಫೈಬರ್ ಕೇಸ್: ನಾಲ್ಕು ವರ್ಷ ಊರೂರು ಹೊತ್ತು ತಿರುಗಿದ ಮೇಲೆ

2021ರ ಕೊನೇಲಿ ಸಂಗೀತ ಕಚೇರಿಗಳು ಮತ್ತೆ ಶುರುವಾದಾಗ ಈ ಕೇಸನ್ನ 6,800 ರೂಪಾಯಿ ಕೊಟ್ಟು ತಗೊಂಡೆ. ಪಕ್ಕವಾದ್ಯದವರ ಸಂಭಾವನೆಗೆ ಇದು ಸಣ್ಣ ಮೊತ್ತ ಅಲ್ಲ. ಸೈಜು, ಬಣ್ಣ ಎಲ್ಲ ಅಂಗಡಿಯವರೇ ಹಾಕಿರ್ತಾರೆ, ಅದನ್ನ ಬಿಡ್ತೀನಿ.

ತಗೊಂಡಿದ್ದಕ್ಕೆ ಕಾರಣ ಒಂದೇ. ಮೊದ್ಲು ಸ್ಪಂಜಿನ ಬಟ್ಟೆ ಕವರಲ್ಲಿ ಒಯ್ತಿದ್ದಾಗ ಹುಬ್ಬಳ್ಳಿಯಿಂದ ಬರ್ತಾ ಬಸ್ಸಿನ ಡಿಕ್ಕೀಲಿ ಯಾರ್ದೋ ಕಬ್ಬಿಣದ ಪಾರ್ಸೆಲ್ ಮೇಲೆ ಬಿದ್ದು ಮೃದಂಗದ ಹಲಸಿನ ಮರದ ಒಡಲಲ್ಲಿ ಕೂದಲೆಳೆಯಷ್ಟು ಬಿರುಕು ಬಂತು, ಆ ರಾತ್ರಿ ನನಗೆ ಊಟ ಸೇರ್ಲಿಲ್ಲ. ಈ ಕೇಸ್ ಬಂದ್ಮೇಲೆ ಆ ಭಯ ಪೂರ್ತಿ ಹೋಯ್ತು. ಮೂಟೆ, ಸೂಟ್‌ಕೇಸ್ ಏನೇ ಮೇಲೆ ಹೇರಲಿ, ಒಳಗಿರೋದಕ್ಕೆ ಏನೂ ಆಗಿಲ್ಲ. ಚಕ್ರ ಪರವಾಗಿಲ್ಲ. ಹಿಡಿ ಗಟ್ಟಿ.

ನನಗೆ ತುಂಬ ಇಷ್ಟವಾಗಿದ್ದು ಮುಚ್ಚಳದ ಒಳಗಿರೋ ಜೇಬು. ಅದ್ರಲ್ಲಿ ನನ್ನ ಸ್ಟೀಲ್ ಡಬ್ಬಿ ಸರಿಯಾಗಿ ಕೂರುತ್ತೆ, ಡಬ್ಬೀಲಿ ಮೃದಂಗದ ಎಡಗಡೆಗೆ ಹಚ್ಚೋ ಚಿರೋಟಿ ರವೆ. ಉಪ್ಪಿಟ್ಟಿನ ರವೆ ನನಗೆ ಆಗಲ್ಲ, ಅಂಟೂ ಸಾಲದು, ಬೇಗ ಉದುರುತ್ತೆ. ಪಕ್ಕದಲ್ಲಿ ಶ್ರುತಿ ಮಾಡೋ ಕಲ್ಲು, ಕಟ್ಟಿಗೆ ತುಂಡು, ಅಪ್ಪನ ಹಳೇ ಪಂಚೆಯ ಒಂದು ಚೂರು. ಕಚೇರಿಗೆ ಅರ್ಧ ಗಂಟೆ ಮುಂಚೆ ಅಂಗೈಯಲ್ಲೇ ರವೆಗೆ ನೀರು ಹಾಕಿ ನಾದಿ, ಎಡಗಡೆ ಮುಚ್ಚಿಗೆಯ, ಅಂದ್ರೆ ಚರ್ಮದ ಹೊದಿಕೆಯ, ಮಧ್ಯಕ್ಕೆ ಇಟ್ಟು, ಬೆರಳಲ್ಲಿ ಸವರ್ತಾ ಸವರ್ತಾ ಒಂದೊಂದು ಪೆಟ್ಟು ಕೊಟ್ಟು ಕೇಳೋದು, ಸ್ವಲ್ಪ ತೆಗೆಯೋದು, ಮತ್ತೆ ಹಚ್ಚೋದು, ಆ ತುಂಬು ನಾದ ಬರೋ ತನಕ. ಯಾವ ಊರಲ್ಲಿದ್ರೂ ಆ ಹತ್ತು ನಿಮಿಷ ನಾನು ಮನೇಲೇ ಇದ್ದ ಹಾಗೆ.

ಇಷ್ಟು ಹೊಗಳಿ ಈಗ ಬೈಯ್ಲೇಬೇಕು. ಮುಚ್ಚಳದ ಸುತ್ತ ರಬ್ಬರ್ ಬೀಡಿಂಗ್ ಕೊಟ್ಟಿದಾರೆ, ಲಾಕ್ ಹಾಕಿದ್ರೆ ಒಳಗೆ ಗಾಳಿ ಆಡೋದೇ ಇಲ್ಲ. ಮೊದಲ ವರ್ಷದ ಶ್ರಾವಣ, ಅಷ್ಟಮಿ ಹತ್ತಿರ, ಬೆಂಗಳೂರಲ್ಲಿ ಕಚೇರಿ ಮುಗಿದಾಗ ಒಂಬತ್ತೂವರೆ, ಉಡುಪಿ ಬಸ್ಸು ಹತ್ತೂವರೆಗೆ. ಅವಸರದಲ್ಲಿ ರವೆ ಕೆರೆದು, ಒದ್ದೆ ಬಟ್ಟೇಲಿ ಒರೆಸಿ, ಹಾಗೇ ಲಾಕ್ ಹಾಕ್ಬಿಟ್ಟೆ. ಮಾರನೇ ದಿನ ಮಧ್ಯಾಹ್ನ ತೆಗೆದ್ರೆ ಹುಳಿ ವಾಸನೆ. ಎಡಗಡೆ ಒದ್ದೆ ರೊಟ್ಟಿ ಥರ ಮೆತ್ತಗೆ, ಬಲಗಡೆ ಕರಣೆಯ ಅಂಚಲ್ಲಿ ಕಪ್ಪು ಪುಡಿ ಉದುರಿತ್ತು. ಕರಣೆ ಅಂದ್ರೆ ಬಲಗಡೆ ನಡುವೆ ಇರೋ ಕಪ್ಪು ವೃತ್ತ, ಕಿಟ್ಟದ ಕಲ್ಲಿನ ಪುಡಿ ಮತ್ತು ಅನ್ನ ಸೇರಿಸಿ ಪದರ ಪದರವಾಗಿ ಉಜ್ಜಿದ್ದು, ತೇವ ಒಳಗೇ ನಿಂತ್ರೆ ಅದು ಬಿಡದೆ ಇರುತ್ತಾ? ಹೊರಗೆ ಜಡಿಮಳೆ, ಬಿಸಿಲಿಗಿಡೋ ಮಾತೇ ಇಲ್ಲ. ಉಳ್ಕೊಂಡಿದ್ದ ಮನೆ ಅಮ್ಮ ನೋಡಿ "ಬಚ್ಚಲೊಲೆ ಹತ್ರ ಇಡಿ ಮಾರಾಯ್ರೆ, ಆದ್ರೆ ದೂರ ಇಡಿ" ಅಂದ್ರು. ಐದೈದು ನಿಮಿಷಕ್ಕೆ ತಿರುಗಿಸ್ತಾ ಒಂದೂವರೆ ಗಂಟೆ ಒಲೆ ಮುಂದೆ ಕೂತೆ. ಆದ್ರೂ ಅಲ್ಲಿನ ಕಚೇರೀಲಿ ಎರಡನೇ ಕೃತಿಗೇ ಶ್ರುತಿ ಇಳೀತು, ಕಲ್ಲಲ್ಲಿ ಎಷ್ಟು ಬಡಿದ್ರೂ ನಿಲ್ಲಲಿಲ್ಲ. ಹಾಡ್ತಿದ್ದವರು ತಿರುಗಿ ನೋಡಿದ ಆ ಒಂದು ನೋಟ ಇವತ್ತಿಗೂ ಮರೆತಿಲ್ಲ. ವಾಪಸ್ ಬಂದು ಮುಚ್ಚಿಗೆ ಬದಲಾಯಿಸೋಕೆ 2,500 ಹೋಯ್ತು.

ಕಂಪನಿಗೆ ಫೋನ್ ಮಾಡಿದ್ರೆ "ಫುಲ್ ವಾಟರ್‌ಪ್ರೂಫ್ ಸರ್, ಅದೇ ಇದರ ಸ್ಪೆಷಾಲಿಟಿ" ಅಂದ್ರು. ಮಳೆ ಒಳಗೆ ಬರಬಾರದು, ಒಪ್ತೀನಿ. ಆದ್ರೆ ಒಳಗಿರೋದು ಚರ್ಮ, ಅದಕ್ಕೆ ಗಾಳಿ ಬೇಕು. ಎರಡು ಸಣ್ಣ ತೂತು, ಅದಕ್ಕೊಂದು ಜಾಲರಿ ಕೊಟ್ಟಿದ್ರೆ ಸಾಕಿತ್ತು. ಮೃದಂಗ ನುಡಿಸೋ ಒಬ್ಬರನ್ನಾದ್ರೂ ಕೇಳಿ ಡಿಸೈನ್ ಮಾಡ್ಬೇಕಿತ್ತು ಅನ್ನೋದು ನನ್ನ ಸಿಟ್ಟು, ಅದು ಇನ್ನೂ ಇಳಿದಿಲ್ಲ.

ಈಗ ಹೊಸ ಪದ್ಧತಿ ಮಾಡ್ಕೊಂಡಿದೀನಿ. ಕಚೇರಿ ಮುಗಿದ್ಮೇಲೆ ರವೆ ಪೂರ್ತಿ ಕೆರೆದು, ಒಣ ಬಟ್ಟೇಲಿ ಒರೆಸಿ, ಅರ್ಧ ಗಂಟೆ ಫ್ಯಾನ್ ಕೆಳಗೆ ತೆರೆದಿಟ್ಟು ಪಕ್ಕದಲ್ಲೇ ಕೂರ್ತೀನಿ, ಉಳಿದವರು ಊಟಕ್ಕೆ ಹೋಗಿರ್ತಾರೆ. ಮೊದಮೊದ್ಲು ಬೇಜಾರಾಗ್ತಿತ್ತು. ಆಮೇಲೆ ನೋಡಿದ್ರೆ ಜನ ಬರೋದೇ ಆವಾಗ. ಮಕ್ಕಳು ಬಂದು ಮುಟ್ಟಬಹುದಾ ಅಂತ ಕೇಳ್ತಾರೆ. ರಾಮನವಮಿ ಪೆಂಡಾಲಲ್ಲಿ ವಯಸ್ಸಾದವರೊಬ್ಬರು ಪಾನಕ, ಕೋಸಂಬರಿ ಕೈಗೆ ಕೊಟ್ಟು, ಖಂಡಚಾಪು ತಾಳದ ತನಿಯಲ್ಲಿ, ಅಂದ್ರೆ ತಾಳವಾದ್ಯ ಮಾತ್ರ ನುಡಿಯೋ ಭಾಗದಲ್ಲಿ, ನಾನು ಹಾಕಿದ ಮುಕ್ತಾಯವನ್ನ ಬೆರಳಲ್ಲಿ ಎಣಿಸಿ ತೋರಿಸಿದ್ರು. ವರ್ಷಕ್ಕೆ ಎಷ್ಟೋ ರಾತ್ರಿ ನುಡಿಸಿದ ತಕ್ಷಣ ಬಸ್ಸಿಗೆ ಓಡ್ತಿದ್ದವನಿಗೆ ಕೇಳುಗರ ಜೊತೆ ಹೀಗೆ ಮಾತಾಡೋಕೆ ಸಿಕ್ಕಿದ್ದು ಈಗ್ಲೇ. ಬಸ್ಸಿನ ಟಿಕೆಟ್ ಮಾತ್ರ ಹನ್ನೊಂದೂವರೆ ನಂತರದ್ದೇ ಬುಕ್ ಮಾಡ್ತೀನಿ.

ವಿಮಾನದಲ್ಲಿ ಹೋಗೋರು ತೂಕ ನೋಡ್ಕೊಳ್ಳಿ. ನನ್ನ ಸಿ ಶ್ರುತಿ ಮೃದಂಗ ಒಂಬತ್ತೂವರೆ ಕಿಲೋ, ಕೇಸ್ ನಾಲ್ಕೂವರೆ, ಟಿಕೆಟ್ಟಲ್ಲಿ 15 ಕಿಲೋ ಇದ್ರೆ ಉಳಿಯೋದು ಒಂದೇ ಕಿಲೋ, ಬಟ್ಟೆಯೆಲ್ಲ ಹೆಗಲ ಚೀಲಕ್ಕೆ. ಹೆಂಗಸರ ಹಾಡುಗಾರಿಕೆಗೆ ಅಂತ ಏರು ಶ್ರುತಿಯ ಇನ್ನೊಂದು ಮೃದಂಗ ಒಯ್ಯೋದಾದ್ರೆ ಅದಕ್ಕೂ ಇಂಥದ್ದೇ ಕೇಸ್ ನನ್ನ ಕೈಲಾಗಲ್ಲ, ಬಸ್ಸಲ್ಲಿ ಅದು ಬಟ್ಟೆ ಕವರಲ್ಲಿ ನನ್ನ ತೊಡೆ ಮೇಲೇ. ಊರೊಳಗೇ ಸ್ಕೂಟರಲ್ಲಿ ಪಾಠಕ್ಕೆ ಹೋಗೋ ಹುಡುಗರು ಇದನ್ನ ತಗೋಬೇಡಿ, ಒಳ್ಳೇ ದಪ್ಪ ಕವರ್ ಸಾಕು.

ಈಗಾಗ್ಲೇ ತಗೊಂಡಿದ್ರೆ ಬೀಡಿಂಗನ್ನ ಒಂದು ಗೇಣಿನಷ್ಟು ಕಿತ್ತುಬಿಡಿ. ಲಾಕ್ ಇರೋ ಕಡೆ ಬೇಡ, ಮಳೆ ನೀರು ಅಲ್ಲಿಂದ್ಲೇ ಇಳಿಯುತ್ತೆ. ಕೀಲಿನ ಕಡೆ ಕೀಳಿ.