ಡಿಎಆರ್ ಅಥವಾ ಮೇಫ್ಲವರ್: ಮಗಳ ಜೊತೆ ಎರಡೂ ಕಡೆ ಅರ್ಜಿ ಹಾಕಿದ ಮೇಲೆ

ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಎತ್ತಿನೊಂದಿಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ನಮ್ಮ ಮನೆತನದ ಹೆಸರುಗಳನ್ನೆಲ್ಲ ಹೇಳಿ, ಕಾಳುಕಡಿ ತಗೊಂಡು ಹೋಗುತ್ತಿದ್ದರು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಕೇಳಿದ ನೆನಪು ನನಗಿಲ್ಲ.

ಅಮೆರಿಕದಲ್ಲಿ ಹುಟ್ಟಿದ ಮಗಳಿಗೆ 18 ತುಂಬಿದಾಗ, ಅವಳಪ್ಪನ ಕಡೆಯ ವಂಶ ಹಿಡಿದು ಎರಡು ಸಂಘಗಳಿಗೆ ಅರ್ಜಿ ಹಾಕಿದೆವು. ಒಂದು 1890ರಲ್ಲಿ ಶುರುವಾದ, ಹೆಂಗಸರದ್ದೇ ಆದ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್, ಅಂದರೆ ಡಿಎಆರ್. ಇನ್ನೊಂದು 1897ರ ಮೇಫ್ಲವರ್ ವಂಶಸ್ಥರ ಸಂಘ, ಅಂದರೆ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದವರ ಸಂತತಿಯದ್ದು. ಅದರಲ್ಲಿ ಗಂಡಸರೂ ಇದ್ದಾರೆ.

ಮೇಫ್ಲವರ್‌ಗೆ 1620ರ ಹಡಗಿನವರೆಗೂ ಹೋಗಬೇಕು. ಆದರೆ ಮೊದಲ ಐದು ತಲೆಮಾರನ್ನು ‘ಸಿಲ್ವರ್ ಬುಕ್ಸ್’ನಲ್ಲಿ ಅಚ್ಚು ಹಾಕಿಟ್ಟಿದ್ದಾರೆ, ಅಷ್ಟು ಭಾರ ಕಮ್ಮಿ. ಡಿಎಆರ್‌ಗೆ 1775ರಿಂದ 1783ರೊಳಗೆ ಅಮೆರಿಕನ್ ಕ್ರಾಂತಿಗೆ, ಅಂದರೆ ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಹೋರಾಟಕ್ಕೆ, ನೆರವಾದ ಒಬ್ಬ ಹಿರಿಯರು ಸಾಕು. ಬಂದೂಕು ಹಿಡಿದಿರಲೇಬೇಕು ಅಂತಿಲ್ಲ, ಸೈನ್ಯಕ್ಕೆ ಧಾನ್ಯ ಕೊಟ್ಟವರೂ ಲೆಕ್ಕಕ್ಕೆ ಬರುತ್ತಾರೆ. ನಮಗೆ ಸಿಕ್ಕಿದ್ದು ಅಂಥ ರೈತನೇ.

ಎರಡೂ ಅರ್ಜಿಗಳು ಆ ವಂಶದ ಒಬ್ಬಳೇ ಹೆಂಗಸಿನ ಹತ್ತಿರ ಸಿಕ್ಕಿಹಾಕಿಕೊಂಡವು. ಎಲ್ಲ ದಾಖಲೆಯಲ್ಲೂ ಗಂಡನ ಮನೆತನದ ಹೆಸರು, ತವರಿನದ್ದು ಎಲ್ಲೂ ಇಲ್ಲ. ನಾಲ್ಕು ತಿಂಗಳು ಹುಡುಕಿದೆವು. ಕೊನೆಗೆ ಅವಳಪ್ಪನ ಉಯಿಲು ಸಿಕ್ಕಿತು: ಮಗಳಿಗೆ ಒಂದು ಹಸು, ಒಂದು ಹಾಸಿಗೆ. ಪಕ್ಕದಲ್ಲೇ ಅವಳ ಹೆಸರು, ಅಳಿಯನ ಹೆಸರು. ಮಗಳು ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಹಾಗೇ ಕೂತಿದ್ದಳು.

ಎರಡೂ ಕಡೆ ಒಪ್ಪಿಗೆ ಸಿಕ್ಕಿತು. ಮೇಫ್ಲವರ್ ಕಡೆಯ ಉಪನ್ಯಾಸಗಳು ನನಗೆ ಇಷ್ಟ, ಇತಿಹಾಸವೇ ಬೇಕು ಅನ್ನುವವರಿಗೆ ಅದೇ ಸರಿ. ಕೈಯಾರೆ ಕೆಲಸ ಮಾಡಬೇಕು ಅನ್ನುವವರಿಗೆ ಡಿಎಆರ್. ನಮ್ಮ ಊರಿನ ಶಾಖೆಯವರು ಮಾಜಿ ಸೈನಿಕರ ಆಸ್ಪತ್ರೆಗೆ ಕಾಲುಚೀಲ, ರೇಜರ್ ಕಟ್ಟಿ ಕಳಿಸುತ್ತಾರೆ.

ಒಂದು ವಿಷಯ ಮಾತ್ರ ನನ್ನನ್ನು ಬಹಳ ಕಾಡಿತ್ತು. 1939ರಲ್ಲಿ ಇದೇ ಡಿಎಆರ್ ಗಾಯಕಿ ಮರಿಯನ್ ಆಂಡರ್ಸನ್ ಅವರಿಗೆ, ಕಪ್ಪು ಜನಾಂಗದವರೆಂದು, ತನ್ನ ಸಭಾಂಗಣದಲ್ಲಿ ಹಾಡಲು ಬಿಡಲಿಲ್ಲ. ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅದಕ್ಕೇ ಸಂಘಕ್ಕೆ ರಾಜೀನಾಮೆ ಕೊಟ್ಟರು. ಕಪ್ಪು ಮಹಿಳೆ ಕ್ಯಾರೆನ್ ಬ್ಯಾಚೆಲರ್ ಸದಸ್ಯೆಯಾಗಲು 1977 ಬರಬೇಕಾಯಿತು. ಇದನ್ನೆಲ್ಲ ಮಗಳಿಗೆ ಮೊದಲೇ ಹೇಳಿದ್ದೆ. “ಅಮ್ಮಾ, ನನ್ನಂಥವಳು ಒಳಗೆ ಇರಬೇಕು” ಅಂದಳು.

ನಾನು ಪೌರತ್ವದ ಪ್ರಮಾಣ ತಗೊಂಡ ದಿನ ಬಾಗಿಲಲ್ಲಿ ಯಾರೋ ಒಬ್ಬ ಹೆಂಗಸು ಕೈಗೊಂದು ಪುಟ್ಟ ಬಾವುಟ ಕೊಟ್ಟಿದ್ದರು. ಯಾವ ಸಂಘದವರು ಅಂತ ಆಗ ಕೇಳಿರಲಿಲ್ಲ. ಹೋದ ತಿಂಗಳು ಅಂಥದ್ದೇ ಬಾಗಿಲಲ್ಲಿ ಬಾವುಟದ ಪೆಟ್ಟಿಗೆ ಹಿಡಿದು ನನ್ನ ಮಗಳು ನಿಂತಿದ್ದಳು.