ವಿಡಿಬಿ ಅಂತ ಕೊಟ್ಟರೆ ವಿಡಿಬಿಯೇ ಬರುತ್ತಾ? ಕೆವಿಎಂ, ಲಿಬ್‌ವರ್ಟ್ ಬಳಸಿದ ಮೇಲೆ

ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ (ವಿಎಂ) ಓಡಿಸುವ ಕೆವಿಎಂಗೂ ಅದನ್ನು ನಿಭಾಯಿಸುವ ಲಿಬ್‌ವರ್ಟಿಗೂ ಸೇರಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆಯಾಗಿದ್ದು ಡಿಸ್ಕಿನ ಹೆಸರಿನ ವಿಷಯಕ್ಕೆ. ಹಾಗಾಗಿ ಇಲ್ಲಿ ಬಹುಪಾಲು ಅದರ ಮಾತೇ ಇರುತ್ತದೆ.

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಕೆವಿಎಂ 2007ರಲ್ಲಿ, 2.6.20ನೇ ಆವೃತ್ತಿಯಲ್ಲಿ, ಲಿನಕ್ಸ್ ಕರ್ನಲ್ ಒಳಗೇ ಸೇರಿಕೊಂಡಿತು. ಲೈಸೆನ್ಸ್ ಖರ್ಚಿಲ್ಲ. ನಮ್ಮಲ್ಲಿ ಡೇಟಾಬೇಸ್, ಫೈಲ್ ಸರ್ವರ್, ಬ್ಯಾಕಪ್ ಎಲ್ಲ ಇದರ ಮೇಲೆಯೇ ಓಡುತ್ತಿವೆ. ಓಡುತ್ತಿರುವ ವಿಎಂಗೆ ರೀಬೂಟ್ ಇಲ್ಲದೆ ಹೊಸ ಡಿಸ್ಕ್ ಸೇರಿಸಬಹುದು, ಅದೂ ವರ್ಶ್ ಅನ್ನುವ ಲಿಬ್‌ವರ್ಟ್ ಸಾಧನದ ಒಂದೇ ಸಾಲಿನ ಕಮಾಂಡಿನಲ್ಲಿ. ತಿಂಗಳ ಕೊನೆಗೆ ಜಾಗ ತುಂಬಿದಾಗ ಇದರ ಬೆಲೆ ಗೊತ್ತಾಗುತ್ತದೆ.

ತಕರಾರು ಆ ಸಾಲಿನಲ್ಲೇ ಇದೆ. 'ಅಟ್ಯಾಚ್-ಡಿಸ್ಕ್' ಕೊಡುವಾಗ ಟಾರ್ಗೆಟ್ ಹೆಸರು, ಅಂದರೆ ಡಿಸ್ಕಿಗೆ ಬೇಕಾದ ಹೆಸರು, ಬರೆಯಲೇಬೇಕು, ವಿಡಿಬಿ (vdb), ವಿಡಿಸಿ (vdc) ಅಂತ. ಕಡ್ಡಾಯವಾಗಿ ಕೇಳಿದ್ದನ್ನು ಪಾಲಿಸುತ್ತದೆ ಅಂತ ಯಾರಾದರೂ ನಂಬುತ್ತಾರೆ. ಆದರೆ ಲಿಬ್‌ವರ್ಟ್ ದಾಖಲೆಯೇ ಹೇಳುತ್ತದೆ: ವಿಎಂ ಒಳಗೆ ಅದೇ ಹೆಸರು ಸಿಗುವ ಖಾತ್ರಿ ಇಲ್ಲ, ಅದು ಬರೀ ಕ್ರಮದ ಸೂಚನೆ. ಒಳಗೆ ಹೆಸರಿಡುವುದು ಗೆಸ್ಟಿನ, ಅಂದರೆ ವಿಎಂ ಒಳಗಿನ ಸಿಸ್ಟಮ್ಮಿನ, ಕರ್ನಲ್. ವರ್ಟಿಯೋ ಡಿಸ್ಕುಗಳು (ವಿಎಂಗೆಂದೇ ಇರುವ ಡಿಸ್ಕ್ ಬಗೆ) ಯಾವ ಕ್ರಮದಲ್ಲಿ ಕಣ್ಣಿಗೆ ಬೀಳುತ್ತವೋ ಆ ಕ್ರಮದಲ್ಲಿ ವಿಡಿಎ, ವಿಡಿಬಿ ಅಂತ ಹಂಚುತ್ತಾ ಹೋಗುತ್ತದೆ. ಬಸ್ಸಿನಲ್ಲಿ ಹತ್ತಿದವರಿಗೆ ಹತ್ತಿದ ಹಾಗೆ ಸೀಟು ಸಿಕ್ಕಂತೆ. ಟಿಕೆಟ್ ಮೇಲೆ ಏನು ಬರೆದಿದೆ ಅಂತ ಅದು ನೋಡುವುದಿಲ್ಲ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಒಂದು ವಿಎಂಗೆ ನಾಲ್ಕು ಡಿಸ್ಕ್ ಇದ್ದವು, ಎ ಯಿಂದ ಡಿ ವರೆಗೆ. ಹಳೆಯ ಲಾಗ್ ಇದ್ದ ವಿಡಿಬಿಯನ್ನು ಕಳಚಿದೆವು. ಹೋಸ್ಟಿನ (ವಿಎಂಗಳನ್ನು ಓಡಿಸುವ ಯಂತ್ರದ) ಲೆಕ್ಕದಲ್ಲಿ ಉಳಿದದ್ದು ಎ, ಸಿ, ಡಿ. ಮುಂದಿನ ರೀಬೂಟಿನಲ್ಲಿ ಗೆಸ್ಟ್ ಒಳಗೆ ಅವೇ ಎ, ಬಿ, ಸಿ ಆಗಿ ಕೂತವು. ಡೇಟಾಬೇಸ್ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ: "ಸಾರ್, ವಿಡಿಸಿ ಅನ್‌ಮೌಂಟ್ ಮಾಡಿದೀನಿ, ತೆಗೆದುಬಿಡಿ." "ಇರಪ್ಪಾ, ಸೀರಿಯಲ್ ಓದು" ಅಂದೆ. ಅವನು ಓದಿದ್ದು ಹೋಸ್ಟಿನಲ್ಲಿ ವಿಡಿಡಿ ಆಗಿದ್ದ ಡಿಸ್ಕಿನ ಸೀರಿಯಲ್, ಅಂದರೆ ಸೇರಿಸುವಾಗ ನಾವೇ ಕೊಟ್ಟ ಗುರುತು. ಹೋಸ್ಟಿನ ವಿಡಿಸಿಯಲ್ಲಿ ಡೇಟಾಬೇಸ್ ಆ ಹೊತ್ತಿಗೆ ಓಡುತ್ತಿತ್ತು.

ಆ ಸೀರಿಯಲ್ಲೇ ಇದಕ್ಕೆ ಮದ್ದು. ಡಿಸ್ಕ್ ಸೇರಿಸುವಾಗಲೇ ಸೀರಿಯಲ್ ಆಯ್ಕೆ ಕೊಟ್ಟರೆ, ಗೆಸ್ಟ್ ಒಳಗೆ ಡೆವ್-ಡಿಸ್ಕ್-ಬೈಐಡಿ ಫೋಲ್ಡರಿನಲ್ಲಿ 'ವರ್ಟಿಯೋ' ಅಂತ ಶುರುವಾಗಿ ಆ ಸೀರಿಯಲ್ಲಿನಿಂದ ಮುಗಿಯುವ ಲಿಂಕ್ ಕಾಣಿಸುತ್ತದೆ. ಡಿಸ್ಕ್ ವಿಡಿಬಿ ಆಗಲಿ ವಿಡಿಎಫ್ ಆಗಲಿ, ಲಿಂಕ್ ಬದಲಾಗುವುದಿಲ್ಲ. ವರ್ಟಿಯೋ ಬ್ಲಾಕ್ (ವಿಡಿಎ, ವಿಡಿಬಿ ಬಗೆಯ) ಡಿಸ್ಕಿನ ಸೀರಿಯಲ್ಲಿಗೆ 20 ಅಕ್ಷರದ ಮಿತಿ ಇದೆ. 36 ಅಕ್ಷರದ ಯುಯುಐಡಿ (ತಾನಾಗಿ ಹುಟ್ಟುವ ಉದ್ದನೆಯ ಗುರುತು) ತುರುಕಿದರೆ ಬಾಲ ಕತ್ತರಿಸಿಹೋಗುತ್ತದೆ. ನಾವು ಚಿಕ್ಕದಾಗಿ, ಏನಿದೆ ಅಂತ ಗೊತ್ತಾಗುವ ಹಾಗೆ ಇಡುತ್ತೇವೆ. ಕಮಾಂಡ್ ಬದಲು ವರ್ಟ್ ಮ್ಯಾನೇಜರ್ ಅನ್ನುವ ಕಿಟಕಿ ಸಾಧನ ಬಳಸುವವರಿಗೆ ಡಿಸ್ಕಿನ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಸೀರಿಯಲ್ ಖಾನೆ ಸಿಗುತ್ತದೆ. ಖಾಲಿ ಬಿಟ್ಟರೂ ಯಾರೂ ಕೇಳುವುದಿಲ್ಲ, ಅದೇ ಬೇಜಾರು. ಖಾತ್ರಿ ಇಲ್ಲದ ಹೆಸರು ಕಡ್ಡಾಯ, ಖಾತ್ರಿ ಇರುವ ಸೀರಿಯಲ್ ಐಚ್ಛಿಕ!

ಮೌಂಟ್ ಮಾಡಲು ಎಫ್‌ಎಸ್‌ಟ್ಯಾಬಿನಲ್ಲಿ (ಯಾವ ಡಿಸ್ಕ್ ಎಲ್ಲಿ ಕೂರಬೇಕು ಅನ್ನುವ ಪಟ್ಟಿ) ಫೈಲ್‌ಸಿಸ್ಟಮ್ ಯುಯುಐಡಿ ಹಾಕಿದರೆ ಸಾಕಲ್ಲ ಅನ್ನುವವರಿದ್ದಾರೆ. ಬಹುಪಾಲು ಸಾಕು. ಆದರೆ ಡಿಸ್ಕಿನ ನಕಲು ಮಾಡಿ ಅದೇ ವಿಎಂಗೆ ಸೇರಿಸಿದಾಗ ಎರಡಕ್ಕೂ ಒಂದೇ ಯುಯುಐಡಿ. ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಆದರೆ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದೇ ಇಲ್ಲ, 'ನೋಯುಯುಐಡಿ' ಕೊಡಬೇಕು. ಇನ್ನು ಡೇಟಾ ಡಿಸ್ಕಿನ ಸಾಲಿಗೆ 'ನೋಫೇಲ್' (ಸಿಗದಿದ್ದರೂ ಮುಂದುವರಿ ಅನ್ನುವ ಆಯ್ಕೆ) ಇಲ್ಲದಿದ್ದರೆ, ಡಿಸ್ಕ್ ಕಾಣದಾಗ ಬೂಟ್ ನೋಡಿಕೊಳ್ಳುವ ಸಿಸ್ಟಮ್‌ಡಿ ಮಾಮೂಲಿಯಾಗಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತದೆ. ಆಮೇಲೆ ಕನ್ಸೋಲ್ ಹುಡುಕಿಕೊಂಡು ಹೋಗಬೇಕು.

ಹೊಸಬರು ಎಡವುವ ಇನ್ನೆರಡು ಜಾಗ. 'ಪರ್ಸಿಸ್ಟೆಂಟ್' ಅಂತ ಕೊಡದೆ ಓಡುತ್ತಿರುವ ವಿಎಂಗೆ ಸೇರಿಸಿದ ಡಿಸ್ಕ್, ವಿಎಂ ಆಫ್ ಮಾಡಿ ಆನ್ ಮಾಡಿದರೆ ಮಾಯ. ಕ್ಯೂಕೌ2 (qcow2, ಬಳಸಿದಂತೆ ಬೆಳೆಯುವ ಡಿಸ್ಕ್ ಫೈಲ್) ಫೈಲನ್ನು ಸಬ್‌ಡ್ರೈವರ್, ಅಂದರೆ ಫೈಲಿನ ಬಗೆ, ಹೇಳದೆ ಸೇರಿಸಿದರೆ ಅದನ್ನು ಕಚ್ಚಾ ಡಿಸ್ಕ್ ಅಂತ ತಿಳಿಯುತ್ತದೆ. 100 ಜಿಬಿಯ ಹೊಸ ಡಿಸ್ಕ್ ಒಳಗೆ ಇನ್ನೂರು ಕೆಬಿಯ ಆಸುಪಾಸು ಕಾಣಿಸುತ್ತದೆ. ಫೈಲ್ ಕೆಟ್ಟಿತು ಅಂತ ಹೆದರಬೇಡಿ, ಕಳಚಿ ಸರಿಯಾಗಿ ಸೇರಿಸಿ. ಆದರೆ ಆ ಸ್ಥಿತಿಯಲ್ಲಿ ಅದರ ಮೇಲೆ ಏನನ್ನೂ ಬರೆಯಬೇಡಿ.

ಡಿಸ್ಕುಗಳು ಹೆಚ್ಚಾದರೆ ಡಿಸ್ಕ್ ಜೋಡಿಸುವ ಇನ್ನೊಂದು ವಿಧವಾದ ವರ್ಟಿಯೋ ಸ್ಕಸಿಗೆ (SCSI) ಬದಲಾಗಿ. ವರ್ಟಿಯೋ ಬ್ಲಾಕಿನಲ್ಲಿ ಒಂದೊಂದು ಡಿಸ್ಕಿಗೂ ಒಂದೊಂದು ಪಿಸಿಐ ಜಾಗ ಬೇಕು, ಕ್ಯೂ35 ಮಾದರಿಯ ವಿಎಂನಲ್ಲಿ ಖಾಲಿ ರೂಟ್ ಪೋರ್ಟ್ (ಅಂಥ ಜಾಗ) ಮುಗಿದರೆ ಹಾಟ್‌ಪ್ಲಗ್, ಅಂದರೆ ಓಡುತ್ತಿರುವಾಗಲೇ ಸೇರಿಸುವುದನ್ನು, ನಿರಾಕರಿಸುತ್ತದೆ. ಸ್ಕಸಿಯಲ್ಲಿ ಒಂದೇ ಕಂಟ್ರೋಲರಿನ ಕೆಳಗೆ ಎಷ್ಟೋ ಡಿಸ್ಕ್ ಹಿಡಿಯುತ್ತವೆ. ಹೆಸರು ಆಗ ಎಸ್‌ಡಿಎ, ಎಸ್‌ಡಿಬಿ ಆಗುತ್ತದೆ ಅಷ್ಟೇ. ಅದರ ಕ್ರಮವನ್ನೂ ನಂಬಬೇಡಿ, ಸೀರಿಯಲ್ ಅಲ್ಲೂ ಹಾಕಿ.